ಸಾಮಾನು ಹೊರಟಿತು, ನಾನು ಉಳಿದೆ

ಊರು ಬಿಡುವುದಕ್ಕೂ ಒಂದು ಗತ್ತು ಬೇಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಸಂತೆಗೆ ಹೊರಟವರ ಹಾಗೆ ಕೈಚೀಲ ಹಿಡಿದು ಹೊರಟುಬಿಡುವುದು ಮರ್ಯಾದಸ್ಥರ ಲಕ್ಷಣವಲ್ಲ. ನಾವು ಹೋದ ಮೇಲೆ ನಾಲ್ಕು ಜನ ಕಟ್ಟೆಯ ಮೇಲೆ ಕೂತು, "ಹೋದ್ರ ವೆಂಕಟರಾಯರು ಹೋದಂಗ ಹೋಗಬೇಕು ನೋಡ್ರಿ" ಎನ್ನಬೇಕು. ಗದಗಿನಲ್ಲಿ ಹುಟ್ಟಿ, ಗದಗಿನಲ್ಲೇ ಓದಿ, ಗದಗಿನಲ್ಲೇ ತಲೆಗೂದಲು ಉದುರಿಸಿಕೊಂಡ ಮನುಷ್ಯ ಇಷ್ಟು ಆಸೆಪಟ್ಟರೆ ತಪ್ಪೇನು? ನನಗಿದ್ದದ್ದು ಅದೊಂದೇ ಆಸೆ. ಅದು ಈಡೇರಿತು. ಜನ ಇಂದಿಗೂ ನೆನೆಯುತ್ತಾರೆ. ಯಾಕೆ ನೆನೆಯುತ್ತಾರೆ ಎಂಬುದೇ ಈ ಕಥೆ.

ಕನ್ನಡ ಸೀಮೆಯೆಲ್ಲ ಒಂದಾದ ವರ್ಷದ ಮಾತು. ಅಲ್ಲಿಯತನಕ ನಾವು ಮುಂಬಯಿಯವರ ಕೈಯಲ್ಲಿದ್ದೆವು. ಅತ್ತ ಕೊಪ್ಪಳದವರು ಹೈದರಾಬಾದಿನ ಕೈಯಲ್ಲಿ. ಪಕ್ಕದ ಲಕ್ಷ್ಮೇಶ್ವರದವರಂತೂ ಮೊನ್ನೆ ಮೊನ್ನೆಯವರೆಗೆ ಸಂಸ್ಥಾನದ ಪ್ರಜೆಗಳು. ಎಲ್ಲರೂ ಒಂದಾಗಬೇಕು ಎಂದು ಸಭೆ ಸಭೆಗೆ ಹೋಗಿ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಕೂಗಿ ಕೂಗಿ ಕೊನೆಗೂ ನಾಡು ಒಂದಾಯಿತು. ಅದರ ಬೆನ್ನಿಗೇ ಕಚೇರಿಯಿಂದ ನನಗೆ ಬಡ್ತಿ ಬಂತು. ದಿಲ್ಲಿಗೆ! ಸುಮ್ಮನಿದ್ದವರೆಲ್ಲ ಒಳಗೆ ಬಂದರು, ಕೂಗಿದವನು ಹೊರಗೆ ಬಿದ್ದ.

ಹೆಂಡತಿ ಕೃಷ್ಣಾಬಾಯಿ ಖಬರು ಕೇಳಿ ಒಂದು ದಿನ ಅತ್ತಳು. ಆಕೆ ಅಲ್ಲಿಯವರೆಗೆ ಕಂಡ ದೂರದ ಊರೆಂದರೆ ತನ್ನ ಅಣ್ಣನಿದ್ದ ಸೊಲ್ಲಾಪುರ. ಮರುದಿನ ಕಣ್ಣೊರೆಸಿಕೊಂಡು ಟ್ರಂಕು ತೊಳೆಯಲು ಕೂತಳು. ನಾನು ಅಳಲಿಲ್ಲ. ನನಗೆ ಅಷ್ಟು ಪುರಸೊತ್ತಿರಲಿಲ್ಲ. ಹೇಳಿ ಹೋಗುವ ಮನೆಗಳು ಬಹಳ ಇದ್ದವು. ಡಂಬಳದ ಚಿಕ್ಕಮ್ಮ, ಮುಂಡರಗಿಯ ಮಾವ, ಶಿರಹಟ್ಟಿಯ ಅಕ್ಕ, ಒಬ್ಬರ ಮನೆಯಲ್ಲಿ ಹೋಳಿಗೆ ತಿಂದದ್ದು ಇನ್ನೊಬ್ಬರ ಮನೆಯಲ್ಲಿ ಗೊತ್ತಾಗಿ ಅಲ್ಲಿಯೂ ಹೋಳಿಗೆ. ಹೋದಲ್ಲೆಲ್ಲ ಹೆಂಡತಿಗೆ ಉಡಿ ತುಂಬಿದರು. ಊರು ಸುತ್ತಿ ಮುಗಿಯುವಷ್ಟರಲ್ಲಿ ನಮ್ಮ ಸಾಮಾನಿನಲ್ಲಿ ತೆಂಗಿನಕಾಯಿಯದೇ ಒಂದು ಗೋಣಿಚೀಲ ಆಗಿತ್ತು.

ಪಂಚಾಂಗದ ಆಚಾರ್ಯರನ್ನು ಕೇಳಲು ಹೋದದ್ದೇ ಎಲ್ಲ ಅನಾಹುತಕ್ಕೂ ಮೊದಲು.

ನಾನು ಹೊರಡಬೇಕಾದದ್ದು ಶುಕ್ರವಾರ ರಾತ್ರಿಯ ಗಾಡಿಗೆ. ಆಚಾರ್ಯರು ಪಂಚಾಂಗ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ತಲೆಯಾಡಿಸಿದರು.

"ಶುಕ್ರವಾರ ನಕ್ಷತ್ರ ನೆಟ್ಟಗಿಲ್ಲ ರಾಯರ. ಅದಕ್ಕ ಮೊದಲಿನ ಸೋಮವಾರ ಮುಂಜಾನೆ ಛಲೋ ಅದ."

"ಸರಕಾರಕ್ಕ ನಕ್ಷತ್ರ ಗೊತ್ತಿಲ್ಲಲ್ರೀ, ಆಚಾರ್ರ!"

"ಅದಕ್ಕ ಹಿರೇರು ದಾರಿ ಮಾಡ್ಯಾರ. ಪ್ರಸ್ಥಾನ ಇಡ್ರಿ."

ಪ್ರಸ್ಥಾನವೆಂದರೆ ಇಷ್ಟು: ಒಳ್ಳೆಯ ಮುಹೂರ್ತದಲ್ಲಿ ನಮ್ಮದೊಂದು ಬಟ್ಟೆ, ಒಂದು ಹಿಡಿ ಅಕ್ಕಿ, ಅಡಿಕೆ ಗಂಟು ಕಟ್ಟಿ, ನಾವು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಡಬೇಕು. ಗಂಟು ಹೊರಟಿತೆಂದರೆ ನಾವು ಹೊರಟ ಹಾಗೆಯೇ. ಆಮೇಲೆ ನಮಗೆ ಬೇಕಾದಾಗ ಹೋಗುತ್ತ ಆ ಗಂಟು ಎತ್ತಿಕೊಂಡರಾಯಿತು. ಒಂದೇ ನಿಯಮ, ಗಂಟು ತಿರುಗಿ ಮನೆಗೆ ಬರಬಾರದು.

ಎಲ್ಲರೂ ಒಂದು ಸಣ್ಣ ಗಂಟು ಇಡುತ್ತಾರೆ. ಆದರೆ ನಾನು ವಿಚಾರವಂತ! ಒಂದು ಪಂಚೆಗೆ ಇಷ್ಟು ಶುಭವಾದರೆ, ಇಡೀ ಸಾಮಾನಿಗೆ ಎಷ್ಟಾಗಬೇಡ? ಟ್ರಂಕುಗಳು, ಹಾಸಿಗೆ ಸುರುಳಿ, ಪಾತ್ರೆಯ ಪೆಟ್ಟಿಗೆ, ತೆಂಗಿನಕಾಯಿಯ ಚೀಲ, ಎಲ್ಲವನ್ನೂ ಪ್ರಸ್ಥಾನ ಇಡುವುದೆಂದು ಅಪ್ಪಣೆ ಮಾಡಿದೆ.

"ನಡುವ ನಾಕು ದಿನ ಅವ, ಉಡಲಿಕ್ಕೆ ಇನ್ನೊಂದು ಧೋತರ ಆದ್ರೂ ಹೊರಗ ಇಟ್ಕೋರಿ" ಎಂದಳು ಹೆಂಡತಿ.

"ಅರ್ಧ ಸಾಮಾನು ಇಟ್ರ ಅರ್ಧ ಶುಭ" ಎಂದೆ. ಆಕೆ ನನ್ನನ್ನು ಒಮ್ಮೆ ನೋಡಿದಳು. ಆ ನೋಟದ ಅರ್ಥ ನನಗೆ ಶುಕ್ರವಾರ ತಿಳಿಯಿತು.

ಇನ್ನು ದಿಕ್ಕಿನ ಪ್ರಶ್ನೆ. ದಿಲ್ಲಿ ಉತ್ತರಕ್ಕೆ. ನಮ್ಮ ಓಣಿಯಲ್ಲಿ ನಮ್ಮದರಿಂದ ಉತ್ತರಕ್ಕೆ ಇದ್ದದ್ದು ಒಂದೇ ಮನೆ, ಅದರಾಚೆ ಹೊಲ. ಆ ಮನೆ ಚನ್ನಬಸಪ್ಪನದು. ಚನ್ನಬಸಪ್ಪನಿಗೂ ನನಗೂ ಎಷ್ಟೋ ವರ್ಷದಿಂದ ಮಾತಿಲ್ಲ!

ಜಗಳ ನುಗ್ಗೆಗಿಡದ್ದು. ಗಿಡ ಅವನ ಹಿತ್ತಲಿನಲ್ಲಿ, ಟೊಂಗೆ ನಮ್ಮ ಹಿತ್ತಲಿನಲ್ಲಿ. ಕಾಯಿ ಯಾರದು ಎಂಬುದು ವಾದ. ನಾವು ಕಾಯಿ ಕಿತ್ತುಕೊಂಡೆವು. ಅವನು ಗೋಡೆ ಹತ್ತಿ ಟೊಂಗೆ ಕಡಿದ. ನಾನು ಸಿಟ್ಟಿನಲ್ಲಿ ಗೌಂಡಿಯನ್ನು ಕರೆಸಿ ಗೋಡೆಯ ಮೇಲೆ ಉದ್ದಕ್ಕೂ ಒಡೆದ ಬಾಟಲಿಯ ಚೂರು ಕೂಡಿಸಿದೆ. ಹತ್ತಿರ ನಿಂತು, "ಇನ್ನೂ ಚೂಪು ಇರಲಿ" ಎಂದು ಹೇಳಿ ಕೂಡಿಸಿದೆ. ಅಂದಿನಿಂದ ಎರಡು ಮನೆಯ ಗಂಡಸರಿಗೆ ಮಾತು ನಿಂತಿತು. ಹೆಂಗಸರು ಮಾತ್ರ ಆ ಗೋಡೆಯ ಸಂದಿನಿಂದಲೇ ಮೊಸರು, ಹೆಪ್ಪು, ಓಣಿಯ ಸುದ್ದಿ ಎಲ್ಲವನ್ನೂ ದಾಟಿಸುತ್ತಿದ್ದರು. ಕನ್ನಡ ನಾಡು ಒಂದಾದ ದಿನ ನಾನು ಓಣಿಯಲ್ಲೆಲ್ಲ ಪೇಢೆ ಹಂಚಿದೆ. ಚನ್ನಬಸಪ್ಪನ ಮನೆ ಬಿಟ್ಟು!

ಈಗ ಅದೇ ಬಾಗಿಲಿಗೆ ಹೋಗಬೇಕಾಯಿತು. ಬಾಗಿಲು ತೆಗೆದದ್ದು ಅವನ ತಾಯಿ ಗೌರವ್ವ. ಕೆನ್ನೆಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ನಗು.

"ಬರ್ರಿ ರಾಯರ, ದಾರಿ ತಪ್ಪಿ ಬಂದ್ರೇನು?"

ನಾನು ವಿಷಯ ಹೇಳಿದೆ. ಒಳಗಿನಿಂದ ಚನ್ನಬಸಪ್ಪನ ದನಿ ಕೇಳಿತು. ಅವನು ನನ್ನೊಡನೆ ಮಾತಾಡಲಿಲ್ಲ, ತಾಯಿಯೊಡನೆ ಮಾತಾಡಿದ.

"ಯವ್ವಾ, ಇಡಂತ ಹೇಳು. ಊರು ಬಿಟ್ಟು ಹೊಕ್ಕಾರಂದ್ರ ಸಾಮಾನು ನಾನ ಹೊತ್ತು ತರ್ತೇನಿ!"

ಸೋಮವಾರ ಮುಂಜಾನೆ, ಒಳ್ಳೆಯ ಮುಹೂರ್ತದಲ್ಲಿ, ನಮ್ಮ ಇಡೀ ಸಂಸಾರ ಚನ್ನಬಸಪ್ಪನ ಪಡಸಾಲೆಗೆ ಹೋಯಿತು. ನಾವಿಬ್ಬರು ಬರಿಗೈಯಲ್ಲಿ ಬರಿಮನೆಗೆ ಮರಳಿದೆವು.

ಆ ನಾಲ್ಕು ದಿನಗಳನ್ನು ಹೇಗೆ ಹೇಳಲಿ! ಉಣ್ಣಲು ಎಲೆ, ಕುಡಿಯಲು ಎದುರು ಮನೆಯ ತಂಬಿಗೆ, ಮಲಗಲು ಬರಿ ನೆಲ. ಇದ್ದೊಂದು ಧೋತರವನ್ನು ಸಂಜೆ ಒಗೆದು ಹಾಕಿ, ಅದು ಒಣಗುವತನಕ ಹೆಂಡತಿ ಎರವಲು ತಂದ ಜಮಖಾನೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದೆ. ಹೊರಗೆ ಬಂದರೆ ಇನ್ನೊಂದು ಕಷ್ಟ. ಎಲ್ಲರಿಗೂ ಹೇಳಿಯಾಗಿದೆ, ಎಲ್ಲರೂ ಕಣ್ಣೀರು ಹಾಕಿಯಾಗಿದೆ. ಹಾಲಿನವಳು, "ಅಯ್ಯ, ಇನ್ನೂ ಹೋಗಿಲ್ಲೇನ್ರಿ?" ಕ್ಷೌರದವನು, "ಇನ್ನೂ ಇಲ್ಲೇ ಅದೀರೇನ್ರಿ?" ಕಣ್ಣೀರು ಹಾಕಿದವರಿಗೆ ಮೋಸ ಮಾಡಿದಂತೆ ನನಗೇ ಅನಿಸತೊಡಗಿತು. ಕೊನೆಗೆ ಹಗಲು ಹೊರಬೀಳುವುದನ್ನೇ ಬಿಟ್ಟೆ.

ಶುಕ್ರವಾರ ಬಂತು. ಮುಂಜಾನೆಯೇ ಮನೆಯ ಕೀಲಿಕೈ ಮಾಲಕರಿಗೆ ಒಪ್ಪಿಸಿದೆವು. ಸಂಜೆ ನಾಲ್ಕಕ್ಕೆ ಓಣಿಯ ವಾಚನಾಲಯದಲ್ಲಿ ನನಗೆ ಬೀಳ್ಕೊಡುಗೆಯ ಸಮಾರಂಭ. ಐದಕ್ಕೆ ಮುಗಿಸಿ, ಚನ್ನಬಸಪ್ಪನ ಮನೆಯಿಂದ ಸಾಮಾನು ಎತ್ತಿಕೊಂಡು, ಹುಸೇನಸಾಬನ ಟಾಂಗಾದಲ್ಲಿ ಸ್ಟೇಶನ್ನಿಗೆ. ಹಂಚಿಕೆ ಅಚ್ಚುಕಟ್ಟಾಗಿತ್ತು.

ಕೆಡಿಸಿದ್ದು ನನ್ನ ಭಾಷಣ! "ಎರಡು ಮಾತು ಹೇಳಿ" ಎಂದರು. ನಾನು ಚಾಲುಕ್ಯರಿಂದ ಆರಂಭಿಸಿದೆ. ನಾಡು ಒಡೆದದ್ದು, ಹರಿದು ಹಂಚಿ ಹೋದದ್ದು, ನಾವು ಕೂಗಿದ್ದು, ಅದು ಒಂದಾದದ್ದು. "ಅಣ್ಣತಮ್ಮಂದಿರ ನಡುವಿನ ಗೋಡೆಗಳೆಲ್ಲ ಬಿದ್ದವು!" ಎಂದು ಮೇಜು ಗುದ್ದಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದದ್ದಕ್ಕೆ ಇನ್ನಷ್ಟು ಮಾತಾಡಿದೆ. ಬಾಗಿಲಲ್ಲಿ ನಿಂತ ಹೆಂಡತಿ ಕೈ ಮಾಡಿ ಕರೆಯುತ್ತಿದ್ದಳು. ಆಕೆಗೂ ಭಾಷಣ ಹಿಡಿಸಿದೆ ಎಂದುಕೊಂಡೆ. ಯಾರೋ ನನ್ನ ಮುಖ ಕಾಣಲೆಂದು ಕಂದೀಲು ತಂದಿಟ್ಟಾಗ ಹೊತ್ತು ಮುಳುಗಿದ್ದು ಗೊತ್ತಾಯಿತು.

ಓಡಿದೆವು. ಗೌರವ್ವ ತಲೆಬಾಗಿಲಲ್ಲಿ ಕೈಯಗಲಿಸಿ ನಿಂತಿದ್ದಳು. ಹಿಂದೆ ದೇವರ ಮುಂದೆ ದೀಪ ಉರಿಯುತ್ತಿತ್ತು.

"ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ನಮ್ಮ ಮನಿಯಿಂದ ಒಂದು ಹಿಡಿ ಉಪ್ಪು ಸೈತ ಹೊರಗ ಹೋಗಂಗಿಲ್ಲ ರಾಯರ. ಲಕ್ಷ್ಮಿ ಹೊಂಟು ಹೊಕ್ಕಾಳ."

"ಗೌರವ್ವಾ, ಅದು ನಮ್ಮ ಸಾಮಾನು!"

"ಖರೆ. ಆದ್ರ ಹೊಸ್ತಿಲಾ ನಮ್ಮದು."

ಗಾಡಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಸ್ಟೇಶನ್ನಿನಲ್ಲಿ ಕಚೇರಿಯವರು ಹಾರ ಹಿಡಿದು ಕಾಯುತ್ತಿದ್ದರು. ನನ್ನ ಶಾಸ್ತ್ರದ ಪ್ರಕಾರ ಸಾಮಾನು ನಮ್ಮ ಮನೆಗೆ ಬರುವಂತಿಲ್ಲ, ಅವಳ ಶಾಸ್ತ್ರದ ಪ್ರಕಾರ ಅವಳ ಮನೆ ಬಿಡುವಂತಿಲ್ಲ. ಇದಕ್ಕೆ ಪರಿಹಾರ ದಿಲ್ಲಿ ಸರಕಾರದ ಹತ್ತಿರವೂ ಇದ್ದಿರಲಾರದು. ಚನ್ನಬಸಪ್ಪನನ್ನಾದರೂ ಬೇಡಿಕೊಳ್ಳೋಣವೆಂದರೆ ಅವನು ಲಕ್ಷ್ಮೇಶ್ವರದ ಪೇಟೆಗೆ ಹೋದವನು ಇನ್ನೂ ಬಂದಿರಲಿಲ್ಲ.

ಆಗ ಹೆಂಡತಿ ಮೆಲ್ಲಗೆ ಕೇಳಿದಳು. "ಗೌರವ್ವಾ, ಹಿತ್ತಲದ ಗೋಡಿಗೆ ಹೊಸ್ತಿಲ ಅದ ಏನು?"

ಗೌರವ್ವ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು. ವಿಚಾರ ಮಾಡಿದಳು. "ಇಲ್ಲ ನೋಡವಾ. ನಾ ದೇವರ ಮುಂದ ಕುಂದರ್ತೀನಿ. ನಾ ನೋಡಿಲ್ಲ, ನಾ ಕೊಟ್ಟಿಲ್ಲ."

"ಆದ್ರ ಗೋಡಿ ಆಚೆ ನಮ್ಮ ಮನಿ! ಪ್ರಸ್ಥಾನ ತಿರುಗಿ ಬಂದಂಗಾಗ್ತದ" ಎಂದೆ ನಾನು.

"ಮುಂಜಾನೆ ಕೀಲಿಕೈ ಕೊಟ್ಟೀರಿ. ಅದು ಈಗ ನಮ್ಮ ಮನಿ ಅಲ್ಲ" ಎಂದಳು ಹೆಂಡತಿ.

ಆ ಮಾತು ಮಾತ್ರ ನನ್ನ ಎದೆಗೆ ನಾಟಿತು. ಇಷ್ಟು ದಿನ ಊರೆಲ್ಲ ಸುತ್ತಿ ಹೇಳಿಬಂದಾಗ ಆಗದ ಸಂಕಟ ಆಗ ಆಯಿತು. ಅಪ್ಪ ಅವ್ವ ಬಾಳಿದ ಮನೆ, ಬಾಡಿಗೆಯದಾದರೂ ನಮ್ಮದೆಂದೇ ತಿಳಿದ ಮನೆ. ಆದರೆ ಅಳಲು ಆಗಲೂ ಪುರಸೊತ್ತಿರಲಿಲ್ಲ.

ಹುಸೇನಸಾಬ ನಮ್ಮ ಹಳೆಯ ಹಿತ್ತಲಿನ ಓಣಿ ಬಾಗಿಲಿನಿಂದ ಒಳಗೆ ಬಂದು, ಟಾಂಗಾದ ಗೋಣಿಚೀಲಗಳನ್ನು ಗಾಜಿನ ಚೂರಿನ ಮೇಲೆ ದಪ್ಪಗೆ ಹಾಸಿದ. ನಾನು ಚನ್ನಬಸಪ್ಪನ ಹಿತ್ತಲಿನಿಂದ ಒಂದೊಂದೇ ಟ್ರಂಕು ಎತ್ತಿ ಕೊಟ್ಟೆ. ಅವನು ಆಚೆಯಿಂದ ಇಳಿಸಿಕೊಂಡ. ನನ್ನದೇ ಸಾಮಾನನ್ನು ನಾನೇ ಕಳ್ಳನಂತೆ ಗೋಡೆ ದಾಟಿಸಿದೆ. ಕೊನೆಗೆ ತೆಂಗಿನಕಾಯಿಯ ಚೀಲವೂ ದಾಟಿತು.

"ರಾಯರ, ಟಾಂಗಾ ತುಂಬೇತ್ರಿ. ಬಾಯಾರನ್ನ ಕರಕೊಂಡು ಮುಂದ ಹೊಕ್ಕೇನಿ. ನೀವು ಅಡ್ಡದಾರಿ ಹಿಡಿದು ಜಲ್ದಿ ಬರ್ರಿ!" ಎಂದು ಹುಸೇನಸಾಬ ಗಾಜಿನ ಮೇಲೆ ಹಾಸಿದ್ದ ಗೋಣಿಚೀಲಗಳನ್ನೂ ಎಳೆದುಕೊಂಡು ಹೊರಟೇಬಿಟ್ಟ.

ಈಗ ನಾನು ಮಾಡಬೇಕಾದದ್ದು ಬಹಳ ಸರಳವಾಗಿತ್ತು. ಗೌರವ್ವನ ಮನೆಯೊಳಗೆ ಹಾದು, ತಲೆಬಾಗಿಲಿನಿಂದ ಕಾಲ ಮೇಲೆ ನಡೆದು ಹೊರಗೆ ಬರುವುದು. ಮನುಷ್ಯರು ಹೊರಗೆ ಹೋಗಬಾರದೆಂದು ಅವಳೇನೂ ಹೇಳಿರಲಿಲ್ಲ. ಆದರೆ ಅಷ್ಟೊಂದು ಸಾಮಾನು ದಾಟಿಸಿದ ಭರದಲ್ಲಿ ನಾನು ಸಾಮಾನಲ್ಲ ಎಂಬುದೇ ನನಗೆ ನೆನಪಾಗಲಿಲ್ಲ. ಗೋಡೆ ಹತ್ತಿದೆ!

ಪರ್ ಎಂಬ ಸಪ್ಪಳ ಕೇಳಿತು. ಗೌಂಡಿ ನನ್ನ ಮಾತು ಚೆನ್ನಾಗಿ ಕೇಳಿದ್ದ. ಚೂರುಗಳು ಬಹಳ ಚೂಪಾಗಿದ್ದವು. ದೇವರ ದಯೆಯಿಂದ ಮೈಗೆ ತಾಗಲಿಲ್ಲ, ಧೋತರ ಮಾತ್ರ ಹಿಂದೆ ಮುಂದೆ ಎರಡೂ ಕಡೆ ಸಿಕ್ಕಿಕೊಂಡಿತು. ಗಾಜಿಲ್ಲದ ಗೇಣುದ್ದ ಜಾಗದಲ್ಲಿ ಕುಂಡೆ ಊರಿ, ಆಚೆಗೊಂದು ಕಾಲು ಈಚೆಗೊಂದು ಕಾಲು ಇಳಿಬಿಟ್ಟು ಕೂತೆ. ಆಚೆ ಎಳೆದರೆ ಪರ್. ಈಚೆ ಎಳೆದರೆ ಪರ್. ಇಳಿದರೆ ಧೋತರ ಗೋಡೆಗೆ, ನಾನು ಊರಿಗೆ!

"ಗೌರವ್ವಾ!" ಎಂದು ಕೂಗಿದೆ. ಅವಳು ಹಿತ್ತಲಿನ ಬಾಗಿಲಿಗೆ ಬಂದು ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

"ನಿಮ್ಮ ಮನಿಯಾಗಿನ ಒಂದು ಹಳೇ ಧೋತರ ಕೊಡು ತಾಯಿ!"

"ಕೊಡತಿದ್ನೋ ಯಪ್ಪಾ. ಆದ್ರ ದೀಪ ಹಚ್ಚೇನಲ್ಲ!"

ಹೀಗೆ, ನಾಡು ಒಂದು ಮಾಡಿದ ವೀರನು ಗೋಡೆಯ ಮೇಲೆ ಕೂತುಕೊಂಡನು. ದೂರದಲ್ಲಿ ಗಾಡಿ ಸ್ಟೇಶನ್ನಿಗೆ ಬರುವ ಸಿಳ್ಳು ಕೇಳಿತು. ಅಷ್ಟರಲ್ಲಿ ಹಿತ್ತಲಿಗೆ ಯಾರೋ ಬಡಿಗೆ ಹಿಡಿದು ಬಂದರು. ಲಕ್ಷ್ಮೇಶ್ವರದ ಮೋಟಾರು ಬಂದಿತ್ತು.

"ಯಾವನಲೇ ಅಂವ ಗ್ವಾಡಿ ಮ್ಯಾಲೆ? ಇಳೀಲೇ ಮಗನ!"

"ನಾನು ಚನ್ನಬಸಪ್ಪಾ! ವೆಂಕಟರಾಯ!"

ಬಡಿಗೆ ಗಾಳಿಯಲ್ಲೇ ನಿಂತಿತು. ಚನ್ನಬಸಪ್ಪ ಹತ್ತಿರ ಬಂದ, ನನ್ನನ್ನು ನೋಡಿದ, ಧೋತರ ನೋಡಿದ, ಗಾಜು ನೋಡಿದ. ಎಷ್ಟೋ ವರ್ಷದ ಮೇಲೆ ಅವನು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು:

"ನಾಡೆಲ್ಲ ಒಂದಾತು ರಾಯರ. ಈ ಗ್ವಾಡಿ ಒಂದು ಉಳಿದಿತ್ತು. ಅದರ ಮ್ಯಾಲೂ ನೀವ ಕುಂತ್ರೆಲ್ಲಾ!"

ನನಗೆ ಅಳುವೂ ಬಂತು, ನಗುವೂ ಬಂತು. ಅವನು ಮಾತ್ರ ಬಿದ್ದು ಬಿದ್ದು ನಕ್ಕ. ಆಮೇಲೆ ತಲೆಯ ಮೇಲಿನ ಕೆಂಪು ರುಮಾಲು ಬಿಚ್ಚಿದ. ಪೇಟೆಗೆ ಹೋಗುವಾಗ ಸುತ್ತುವ ಉದ್ದನೆಯ ರುಮಾಲು ಅದು, ಬಿಚ್ಚಿದಷ್ಟೂ ಬಂತು. ಬಾಗಿಲಲ್ಲಿ ನಿಂತ ಗೌರವ್ವ, "ಲೇ ತಮ್ಮಾ, ದೀಪ ಹಚ್ಚೈತಿ!" ಎಂದಳು.

"ಇದು ಮನಿಯಾಗಿಂದಲ್ಲ ಯವ್ವಾ. ನನ್ನ ತಲಿ ಮ್ಯಾಲಿಂದು" ಎಂದ ಚನ್ನಬಸಪ್ಪ.

ತಲೆಯ ರುಮಾಲು ಬಿಚ್ಚಿ ಇನ್ನೊಬ್ಬನಿಗೆ ಕೊಡುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅಂಥ ಮರ್ಯಾದೆಯನ್ನು ನಾನು ಸೊಂಟಕ್ಕೆ ಸುತ್ತಿಕೊಂಡೆ. ಅವನು ನನ್ನನ್ನು ಹೆಗಲ ಮೇಲೆ ಹೊತ್ತು ಇಳಿಸಿದ. ಇಬ್ಬರೂ ಸ್ಟೇಶನ್ನಿಗೆ ಓಡಿದೆವು. ಕೆಂಪು ರುಮಾಲು ಉಟ್ಟ ಒಬ್ಬ, ಬಡಿಗೆ ಹಿಡಿದು ಹಿಂದೆ ಒಬ್ಬ. ಓಣಿಯವರು ಚನ್ನಬಸಪ್ಪ ನನ್ನನ್ನು ಊರು ಬಿಡಿಸುತ್ತಿದ್ದಾನೆ ಎಂದೇ ತಿಳಿದರಂತೆ!

ಪ್ಲಾಟಫಾರ್ಮು ಮುಟ್ಟುವಷ್ಟರಲ್ಲಿ ಗಾಡಿಯ ಹಿಂದಿನ ಕೆಂಪು ದೀಪ ಹೋಗುತ್ತಿತ್ತು. ಕಚೇರಿಯವರು ಬರಿಗೈಯಲ್ಲಿ ನಿಂತಿದ್ದರು.

"ಹಾರ ಎಲ್ರೀ?" ಎಂದೆ.

"ನಿಮ್ಮ ಮನಿಯವರಿಗೆ ಹಾಕಿದ್ವಿ. ಟೈಮ್ ಆತಲ್ರೀ. ನೀವು ಹಿಂದಿನ ಡಬ್ಬಿ ಹತ್ತೀರಿ ಅಂದ್ಕೊಂಡ್ವಿ. ಅವರು ಭಾಷಣಾನೂ ಮಾಡಿದ್ರು."

"ಭಾಷಣ? ಆಕಿ ಏನಂದ್ಲು?"

"'ಎಲ್ಲಾರೂ ಆರಾಮ ಇರ್ರಿ' ಅಂದ್ರು. ಬಾಳ ಛಂದ ಆತು. ಎಲ್ಲಾರೂ ಅತ್ತರು."

ಆಚಾರ್ಯರೂ ಅಲ್ಲಿಗೆ ಬಂದಿದ್ದರು. ನಾನು ಅವರ ಮೇಲೆ ಹರಿಹಾಯ್ದೆ. "ಇದೇನ್ರೀ ನಿಮ್ಮ ಪ್ರಸ್ಥಾನ!"

ಅವರು ಶಾಂತವಾಗಿ ನನ್ನ ಸೊಂಟದ ರುಮಾಲಿನಿಂದ ತಲೆಯವರೆಗೆ ನೋಡಿದರು. "ಯಾಕ ರಾಯರ? ಪ್ರಸ್ಥಾನ ಇಟ್ಟದ್ದು ಸಾಮಾನು. ಅದು ಸುಖವಾಗಿ ಹೋತಲ್ಲ!"

ಆ ರಾತ್ರಿ ಊಟ ಚನ್ನಬಸಪ್ಪನ ಮನೆಯಲ್ಲಿ. ಗೌರವ್ವ ಬಿಸಿ ರೊಟ್ಟಿ ಬಡಿದು, ನುಗ್ಗೆಕಾಯಿಯ ಸಾರು ಬಡಿಸಿದಳು. ಅದೇ ಗಿಡದ್ದು. ಇಷ್ಟು ರುಚಿಯ ಕಾಯಿಗೆ ಜಗಳವಾಡಿದ್ದು ತಪ್ಪೇನಲ್ಲ ಎನಿಸಿತು. ಹಾಗೆಂದೆ. "ಮೊದಲ ಕೇಳಿದ್ರ ಬುಟ್ಟಿ ತುಂಬಾ ಕೊಡತಿದ್ನೆಲ್ರಿ" ಎಂದ ಚನ್ನಬಸಪ್ಪ. ನಾನು ರೊಟ್ಟಿ ಮುರಿದು ಅದೇ ಸಾರಿನಲ್ಲಿ ಅದ್ದಿದೆ. ಊರು ಬಿಡುವ ದುಃಖ ನನಗೆ ಬಂದದ್ದು ಆಗ, ಊರು ಬಿಟ್ಟಾದ ಮೇಲೆ.

ಮರುದಿನ ನನ್ನನ್ನು ಕಳಿಸಲು ಬಂದವನು ಚನ್ನಬಸಪ್ಪ ಒಬ್ಬನೇ. ಉಳಿದವರೆಲ್ಲ ತಮ್ಮ ಪಾಲಿನ ಕಣ್ಣೀರು ಮುಗಿಸಿದ್ದರು. ಉಡಲು ಅವನದೇ ಧೋತರ, ಕೈಯಲ್ಲಿ ಒಂದು ಕಟ್ಟು ನುಗ್ಗೆಕಾಯಿ. ರುಮಾಲು ತಿರುಗಿ ಕೊಡಹೋದೆ.

"ಇಟ್ಕೋರಿ. ದಿಲ್ಲಿಯಾಗೂ ಗ್ವಾಡಿ ಇರ್ತಾವ" ಎಂದ.

ದಾರಿಯ ಸೊಲ್ಲಾಪುರದಲ್ಲೇ ಇಳಿದಿರುತ್ತಾಳೆಂದು ಹುಡುಕಿ ಹೋದರೆ, ಹೆಂಡತಿ ಅಣ್ಣನ ಮನೆಯಲ್ಲಿ ಆರಾಮಾಗಿ ಅವಲಕ್ಕಿ ತಿನ್ನುತ್ತ ಕೂತಿದ್ದಳು. ಟ್ರಂಕುಗಳು ಪಕ್ಕದಲ್ಲಿ ಸಾಲಾಗಿದ್ದವು.

"ನಾ ಹತ್ತಿಲ್ಲಂತ ಗೊತ್ತಾಗಲಿಲ್ಲೇನು? ಇಳೀಬೇಕಿತ್ತಲ್ಲ!" ಎಂದು ಸಿಟ್ಟಾದೆ.

"ಗೊತ್ತಾತು. ಆದ್ರ ಗದಗಿನಾಗ ಸಾಮಾನು ಇಳಿಸಿದ್ರ ಪ್ರಸ್ಥಾನ ತಿರುಗಿ ಬಂದಂಗ ಆಗ್ತಿತ್ತಲ್ಲ? ನೀವ ಹೇಳಿದ್ರಿ" ಎಂದಳು.

ದಿಲ್ಲಿಯಲ್ಲಿ ಹೊಸ ಸಾಹೇಬರು ತಡವಾದದ್ದಕ್ಕೆ ಕಾರಣ ಕೇಳಿದರು. "ಶುಕ್ರವಾರ" ಎಂದೆ. ಪಂಜಾಬಿನವರು, ಪಾಪ, ಅವರಿಗೆ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ರಜೆಯಲ್ಲಿ ಊರಿಗೆ ಬಂದೆ. ಅಷ್ಟರಲ್ಲಿ ನಾನು ಪ್ಯಾಂಟು, ಕೋಟು, ಕನ್ನಡಕದ ಮನುಷ್ಯನಾಗಿದ್ದೆ. ಸ್ಟೇಶನ್ನಿನಲ್ಲಿ ಹತ್ತಿದ ಟಾಂಗಾದವನು ಗುರುತಿನವನಲ್ಲ. ನಮ್ಮ ಹಳೆಯ ಓಣಿಗೆ ಬಂದಾಗ, ಪರವೂರಿನವರಿಗೆ ಊರು ತೋರಿಸುವ ಉತ್ಸಾಹದಲ್ಲಿ ಅವನು ಚಾಬೂಕಿನಿಂದ ಗೋಡೆ ತೋರಿಸಿದ. ನುಗ್ಗೆಗಿಡ ಆಚೆಯಿಂದ ಈಚೆಗೆ ಚೆನ್ನಾಗಿ ಬಾಗಿತ್ತು. ಗಾಜು ಇರಲಿಲ್ಲ.

"ಆ ಗ್ವಾಡಿ ನೋಡ್ರಿ ಸಾಹೇಬ್ರ. ದಿಲ್ಲಿಗೆ ಹೊಂಟವರೊಬ್ಬರು ಅಲ್ಲೇ ಸಿಕ್ಕೊಂಡಿದ್ರು. ಊರಿಗೆ ಊರ ಇನ್ನೂ ನೆನಸ್ತೈತಿ."

ನನ್ನ ಎದೆ ಉಬ್ಬಿತು. ಒಂದೇ ಆಸೆಯಲ್ಲವೇ! "ಹೌದಾ? ಯಾರಪ್ಪಾ ಅವರು? ಹೆಸರೇನು?" ಎಂದೆ.

ಅವನು ಕುದುರೆಗೆ ಚೆಚ್ಚೆ ಎಂದು, ಸ್ವಲ್ಪ ವಿಚಾರ ಮಾಡಿ, ತಲೆ ಕೆರೆದುಕೊಂಡ.

"ಹೆಸರು ಯಾರಿಗೂ ನೆನಪಿಲ್ರೀ. ಧೋತರ ನೆನಪೈತಿ."

ನಾನು ಬೆಲ್ಟು ಇನ್ನೊಂದು ತೂತು ಬಿಗಿ ಮಾಡಿಕೊಂಡು ಕೂತೆ.